ಅಂಕಮ್ಮನ ಪುಡಿ

ಸ್ಕ್ಯಾನಿಂಗ್ ರಿಪೋರ್ಟು ಕೇಳದೆ, ರಂಜಿತಳ ಹೊಟ್ಟೆನೋವನ್ನು ಅವಳ ಬಾಯಿಮಾತಿನಿಂದಲೇ ನಂಬಿದ ಮೊದಲ ವ್ಯಕ್ತಿ ಅಂಕಮ್ಮ.

ಅದಕ್ಕೆ ಮುಂಚೆ ಆ ನೋವನ್ನು ರಂಜಿತ ಹದಿನಾಲ್ಕು ವರ್ಷ ಒಬ್ಬಳೇ ಅನುಭವಿಸಿದ್ದಳು. ಹೈಸ್ಕೂಲಿನಲ್ಲಿದ್ದಾಗ ತಿಂಗಳಿಗೆ ಮೂರು ದಿನ ಕೊನೆಯ ಬೆಂಚಿನ ಮೇಲೆ ಮುದುರಿಕೊಂಡು ಮಲಗುತ್ತಿದ್ದಳು. ಮೇಷ್ಟ್ರು ನಾಟಕ ಎಂದರು. ಮದ್ದೂರಿನ ಡಾಕ್ಟರು ಮದುವೆಯಾದರೆ ಸರಿಹೋಗುತ್ತದೆ ಎಂದರು. ಅವ್ವ ದೇವಿರಮ್ಮ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಸೊಂಟಕ್ಕೆ ಒತ್ತುತ್ತಾ, "ಎಣ್ಣಾಗಿ ಉಟ್ಟುದ್ಮೇಲೆ ಇದೆಲ್ಲಾ ಇದ್ದದ್ದೇ ಕಣವ್ವ, ಅಲ್ಲು ಕಚ್ಕಂಡಿರು" ಎನ್ನುತ್ತಿದ್ದಳು. ರಂಜಿತ ಹಲ್ಲು ಕಚ್ಚಿಕೊಂಡೇ ಫಾರ್ಮಸಿ ಓದಿದಳು, ಮಂಡ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಹಿಡಿದಳು. ಇಪ್ಪತ್ತಾರನೇ ವಯಸ್ಸಿನಲ್ಲಿ, ತರಗತಿಯಲ್ಲೇ ಕುಸಿದುಬಿದ್ದ ದಿನ, ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಹೊಕ್ಕುಳ ಬಳಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿದಾಗ ಕಾಯಿಲೆಗೆ ಹೆಸರು ಸಿಕ್ಕಿತು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆಲ್ಲೋ, ಅಂಡಾಶಯದ ಮೇಲೆ, ಕರುಳಿನ ಮೇಲೆ ಬೆಳೆದುಕೊಂಡಿತ್ತು. ತಿಂಗಳಾದಾಗ ಅಲ್ಲೂ ರಕ್ತ ಒಸರುತ್ತದೆ, ಆದರೆ ಹೊರಗೆ ಹೋಗಲು ದಾರಿಯಿಲ್ಲ. ಡಾಕ್ಟರು ಸಿಕ್ಕಷ್ಟನ್ನು ಸುಟ್ಟು ತೆಗೆದು, ಉಳಿದದ್ದು ಬೆಳೆಯದಿರಲೆಂದು ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. "ಇದು ತಗೊಳ್ಳೋವಾಗ ಮಗು ಆಗಲ್ಲ. ಮಗು ಬೇಕು ಅನ್ನಿಸಿದಾಗ ಬಂದು ನನ್ನ ನೋಡಿ, ನಿಲ್ಲಿಸೋಣ" ಎಂದಿದ್ದರು.

ಮರುವರ್ಷ ಮದುವೆಯಾಯಿತು. ಗಂಡ ಜಯಪ್ರಕಾಶ ಶಿವನಸಮುದ್ರದ ಕರೆಂಟು ಹುಟ್ಟಿಸುವ ಕೇಂದ್ರದಲ್ಲಿ ಆಪರೇಟರು. ಮನೆ ಮಳವಳ್ಳಿಯಲ್ಲಿ. ಮೂರನೇ ತಿಂಗಳಿಗೆ ಅತ್ತೆ ಚಲುವಮ್ಮನ ಕೈಗೆ ಮಾತ್ರೆಯ ಹಾಳೆ ಸಿಕ್ಕಿತು. ಪಕ್ಕದ ಮನೆಯ ನರ್ಸಿಗೆ ತೋರಿಸಿ ವಿಚಾರಿಸಿಕೊಂಡು ಬಂದು, "ಮಕ್ಕಳಾಗದ ಮಾತ್ರೆ ನುಂಗಕೆ ನನ್ ಮಗನ್ನ ಕಟ್ಕಂಡ್ಯಾ?" ಎಂದು ಅದನ್ನು ನೀರೊಲೆಗೆ ಎಸೆದಳು. ಜಯಪ್ರಕಾಶ ತಾಯಿಯನ್ನೂ ತಡೆಯಲಿಲ್ಲ, ಹೆಂಡತಿಯ ಪರವೂ ಮಾತಾಡಲಿಲ್ಲ. ರಂಜಿತ ಮಾತ್ರೆ ಬಿಟ್ಟಳು. ಅವಳಿಗೂ ಮಗು ಬೇಕಿತ್ತು. ನೋವು ಮೊದಲಿಗಿಂತ ಜೋರಾಗಿ ಬಂತು.

ಆಗ ದೇವಿರಮ್ಮ ಮಗಳನ್ನು ಅಂಕಮ್ಮನ ಹತ್ತಿರ ಕರೆದುಕೊಂಡು ಹೋದದ್ದು. ಹಲಗೂರು ದಾಟಿ ಮುತ್ತತ್ತಿ ರಸ್ತೆಯಲ್ಲಿ, ಕಾಡು ಶುರುವಾಗುವುದಕ್ಕೆ ಸ್ವಲ್ಪ ಹಿಂದೆ ಅಂಕಮ್ಮನ ಮನೆ. ಮಂಗಳವಾರ, ಶುಕ್ರವಾರ ಅಂಗಳದ ತುಂಬ ಹೆಂಗಸರು. ಅರವತ್ತು ದಾಟಿದ ಅಂಕಮ್ಮ ರಂಜಿತಳನ್ನು ಒಳಗೆ ಚಾಪೆಯ ಮೇಲೆ ಮಲಗಿಸಿ, ಅಂಗೈಯನ್ನು ಕಿಬ್ಬೊಟ್ಟೆಯ ಎಡಗಡೆಗೆ ಇಟ್ಟಳು.

"ಇಲ್ಲಿ ಇಡ್ಕಂಡು, ಇಂದಕ್ಕೆ ಓಗಿ, ತೊಡೆಗೆ ಇಳೀತದೆ. ಔದಾ?"

ರಂಜಿತ ತಲೆಯಾಡಿಸಿದಳು.

"ಕಕ್ಕಸ್ಗೆ ಕೂತ್ರೆ ಚಾಕು ಆಕಿ ತಿರುವ್ದಂಗಾಯ್ತದೆ. ಗಂಡನ್ ತಾವ ಮಲೀಕಳಾಕೂ ಬಯ."

ಈ ಮಾತನ್ನು ರಂಜಿತ ಯಾರ ಹತ್ತಿರವೂ ಆಡಿರಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು. ಅಂಕಮ್ಮ ಅವಳ ಕೂದಲು ಸವರಿ, "ಅಳಬ್ಯಾಡ ಮಗ. ನೀನು ಸುಳ್ಳು ಯೋಳ್ತಿಲ್ಲ ಅಂತ ನಂಗೊತ್ತು" ಎಂದಳು. ಆಮೇಲೆ ದೇವಿರಮ್ಮನನ್ನು ಹಿತ್ತಿಲಿಗೆ ಕರೆದು ಪಥ್ಯದ ವಿಷಯ ಮಾತಾಡಿ, ಕಂದುಬಣ್ಣದ ಪುಡಿಯ ಪೊಟ್ಟಣ ಕಟ್ಟಿಕೊಟ್ಟಳು. ಮುಟ್ಟಾದ ಐದನೇ ದಿನದಿಂದ ಇಪ್ಪತ್ತೈದನೇ ದಿನದವರೆಗೆ ದಿನಾ ಬೆಳಗ್ಗೆ ಒಂದು ಚಮಚ, ಬಿಸಿ ಹಾಲಿನಲ್ಲಿ.

ಎರಡನೇ ತಿಂಗಳಿಗೆ ನೋವು ಅರ್ಧಕ್ಕಿಳಿಯಿತು. ನಾಲ್ಕನೇ ತಿಂಗಳಿಗೆ ರಂಜಿತ ಮುಟ್ಟಿನ ದಿನವೇ ಬಸ್ಸು ಹತ್ತಿ ಕಾಲೇಜಿಗೆ ಹೋಗಿ, ನಿಂತುಕೊಂಡೇ ಎರಡು ಗಂಟೆ ಪಾಠ ಮಾಡಿ ಬಂದಳು. ಸಾಯಂಕಾಲ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸುಮ್ಮನೆ ಒಂದು ಸುತ್ತು ನಡೆದಳು. ಕಾರಣವೇನಿರಲಿಲ್ಲ. ನಡೆಯಲು ಆಗುತ್ತಿತ್ತು, ನಡೆದಳು. ಬೇರಿನ ಔಷಧಿ ಎಂದರೆ ಚಲುವಮ್ಮನಿಗೂ ನಂಬಿಕೆ. ದಿನಾ ಬೆಳಗ್ಗೆ ಅವಳೇ ಹಾಲು ಕಾಯಿಸಿ ಪುಡಿ ಕಲಸಿಕೊಡುತ್ತಿದ್ದಳು.

ಆ ವರ್ಷವೇ ರಂಜಿತ ಪಿಎಚ್.ಡಿ.ಗೆ ಹೆಸರು ಬರೆಸಿದಳು. ವಿಷಯ ಹುಡುಕುವ ಕಷ್ಟವೇ ಇರಲಿಲ್ಲ. ಅಂಕಮ್ಮ ಬಳಸುವ ಗಿಡಗಳ ಸಾರ ಎಂಡೊಮೆಟ್ರಿಯೋಸಿಸ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಎಂದು ನೋಡುವುದು. ಮಾರ್ಗದರ್ಶಕರು ತಿರುನಾರಾಯಣ ಸರ್, ಮೇಲುಕೋಟೆಯವರು, ನಿವೃತ್ತಿಗೆ ಮೂರು ವರ್ಷ ಉಳಿದವರು. "ನೀವೇ ರೋಗಿ, ನೀವೇ ಸಂಶೋಧಕಿ. ಕಣ್ಣು ಸ್ವಲ್ಪ ಎಚ್ಚರವಾಗಿರಲಿ" ಎಂದು ಒಪ್ಪಿಕೊಂಡರು.

ಎರಡು ವರ್ಷ ಅವಳು ರಜೆ ಸಿಕ್ಕಾಗಲೆಲ್ಲ ಅಂಕಮ್ಮನ ಹಿಂದೆ ಮುತ್ತತ್ತಿಯ ಕಾಡಂಚು ಸುತ್ತಿದಳು. ಮುಟ್ಟಿದರೆ ಮುನಿಯ ಬೇರು, ಅಶೋಕದ ತೊಗಟೆ, ಮರದರಿಶಿನದ ಬಳ್ಳಿ, ಇನ್ನೂ ನಾಲ್ಕು. ಅಂಕಮ್ಮ ಕುಕ್ಕರಗಾಲಲ್ಲಿ ಕೂತು, ಬೇರಿಗೆ ನೋವಾಗದಂತೆ ಮಣ್ಣು ಬಿಡಿಸುವುದನ್ನು ಕಲಿಸಿದಳು. ಬುತ್ತಿ ಬಿಚ್ಚಿದರೆ ಮೊದಲ ತುತ್ತು ರಂಜಿತಳಿಗೆ. "ನಿನ್ ಮಗೀಗೆ ನಾನೇ ಎಣ್ಣೆ ನೀರು ಆಕ್ತೀನಿ ನೋಡು" ಎನ್ನುತ್ತಿದ್ದಳು. ಅವ್ವನಿಗೆ ಹೇಳದ್ದನ್ನೂ ರಂಜಿತ ಆ ಹೆಂಗಸಿಗೆ ಹೇಳುತ್ತಿದ್ದಳು. ಅತ್ತೆ ಆಡುವ ಚುಚ್ಚುಮಾತು. ಮಂಡ್ಯದ ಬಂಜೆತನದ ಡಾಕ್ಟರು, ಅಂಡವೇ ಬೆಳೆಯುತ್ತಿಲ್ಲ, ಕಾಯಿಲೆಯಿಂದ ಇರಬಹುದು ಎಂದದ್ದು. ಬೇರೆ ಮಾತ್ರೆ ಏನಾದರೂ ತಗೊಳ್ತೀರಾ ಎಂದು ಕೇಳಿದಾಗ, ಇಲ್ಲ, ಬೇರಿನ ಪುಡಿ ಮಾತ್ರ ಎಂದು ತಾನು ಹೇಳಿದ್ದು. ಅಂಕಮ್ಮ ಎಲ್ಲ ಕೇಳಿಸಿಕೊಂಡು, "ಆಯ್ತದೆ ಬುಡು, ಒಸಿ ತಡಿ" ಎನ್ನುತ್ತಿದ್ದಳು.

ಪ್ರಯೋಗ ಮಾತ್ರ ಕೈಕೊಡುತ್ತಿತ್ತು. ಬೇರುಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆದು ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದಳು. ಅಲ್ಲಿ ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಕೋಶಗಳ ಮೇಲೆ ಅದನ್ನು ಹಾಕುತ್ತಿದ್ದರು. ಒಂದೊಂದೇ ಫಲಿತಾಂಶ ಬಂತು. ಮರದರಿಶಿನ ಅಲ್ಪಸ್ವಲ್ಪ. ಉಳಿದವು ಏನೂ ಇಲ್ಲ. ಏಳನ್ನೂ ಬೆರೆಸಿದರೂ ಅಷ್ಟೇ. ಆದರೆ ಅಂಕಮ್ಮ ಕಟ್ಟಿಕೊಟ್ಟ ಪುಡಿಯ ಸಾರ ಹಾಕಿದರೆ ಕೋಶಗಳ ಬೆಳವಣಿಗೆ ಎದ್ದು ಕಾಣುವಷ್ಟು ಕುಗ್ಗುತ್ತಿತ್ತು.

"ಬೇರೆ ಏನಾದ್ರೂ ಹಾಕ್ತೀಯಾ ಅಂಕಮ್ಮ? ಜೇನು, ತುಪ್ಪ, ಬೂದಿ?" ಎಂದು ರಂಜಿತ ಕೇಳಿದಳು. ಅವತ್ತು ಅವಳು ಸೋತು ಸುಣ್ಣವಾಗಿದ್ದಳು, ಕಣ್ಣಲ್ಲಿ ನೀರಿತ್ತು.

"ಕೈಗುಣ ಕಣವ್ವ" ಎಂದಳು ಅಂಕಮ್ಮ.

ಕಾಲೇಜಿನ ಲ್ಯಾಬಿನಲ್ಲಿ ಪುಡಿಯ ಸಾರವನ್ನೂ ಏಳು ಬೇರುಗಳ ಸಾರವನ್ನೂ ಒಂದೇ ಹಾಳೆಯ ಬುಡದಲ್ಲಿ ಚುಕ್ಕೆಯಿಟ್ಟು, ದ್ರಾವಕ ಮೇಲೇರುತ್ತಾ ಅವುಗಳಲ್ಲಿರುವುದನ್ನು ಬೇರ್ಪಡಿಸುವಂತೆ ಓಡಿಸಿದಾಗ, ನೇರಳೆ ದೀಪದ ಕೆಳಗೆ ಪುಡಿಯ ಸಾಲಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಬೇರಿನ ಸಾಲುಗಳಲ್ಲಿ ಅದು ಇರಲಿಲ್ಲ. ರಂಜಿತಳಿಗೆ ಮೈ ಜುಮ್ಮೆಂದಿತು. ಅಂಕಮ್ಮ ಹುರಿಯುವಾಗಲೋ ಕಲಸುವಾಗಲೋ ಹೊಸದೊಂದು ಅಣು ಹುಟ್ಟುತ್ತಿದೆ ಎಂದುಕೊಂಡಳು. ನಾಲ್ಕು ತಿಂಗಳು ಹುರಿದಳು, ಬೇಯಿಸಿದಳು, ಹಾಲಿನಲ್ಲಿ ಕುದಿಸಿದಳು. ಚುಕ್ಕೆ ಹುಟ್ಟಲಿಲ್ಲ. ಕೊನೆಗೆ ಹಾಳೆಯಿಂದ ಆ ಚುಕ್ಕೆಯನ್ನೇ ಕೆರೆದು, ದ್ರಾವಕದಲ್ಲಿ ಕರಗಿಸಿ, ಅಣುವಿನ ತೂಕ ಅಳೆಯುವ ಯಂತ್ರವಿದ್ದ ಕಡೆಗೆ ಕಳಿಸಿದಳು. ಸಮ್ಮೇಳನವೊಂದಕ್ಕೆ ಸಾರಾಂಶವನ್ನೂ ಕಳಿಸಿಯಾಗಿತ್ತು. ಕೊನೆಯ ಸಾಲಿನಲ್ಲಿ ಅಂಕಮ್ಮನಿಗೆ ಕೃತಜ್ಞತೆ.

ಜನವರಿಯ ಒಂದು ಬೆಳಗ್ಗೆ, ಎರಡನೇ ವರ್ಷದವರ ಪಾಠ ಮುಗಿಸಿ ಬಂದು ಮೇಲ್ ತೆರೆದಳು. ವರದಿಯಲ್ಲಿ ಅಣುವಿನ ತೂಕವಿತ್ತು. ಅದರ ಕೆಳಗೆ ಯಂತ್ರವೇ ತನ್ನ ಪಟ್ಟಿಯಲ್ಲಿ ಹುಡುಕಿ ಹೊಂದಿಸಿದ ಹೆಸರಿತ್ತು: ನೊರೆಥಿಸ್ಟೆರಾನ್. ಹೊಂದಾಣಿಕೆ ನೂರಕ್ಕೆ ತೊಂಬತ್ತೆಂಟು.

ಆ ಹೆಸರನ್ನು ಅವಳು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಕಾರ್ಖಾನೆಯಲ್ಲಿ ತಯಾರಾಗುವ ಹಾರ್ಮೋನು. ಮೈಸೂರಿನ ಡಾಕ್ಟರು ಬರೆದುಕೊಟ್ಟದ್ದು ಇದೇ. ಚಲುವಮ್ಮ ನೀರೊಲೆಗೆ ಎಸೆದದ್ದೂ ಇದೇ.

ತಿರುನಾರಾಯಣ ಸರ್ ಎರಡು ಸಲ ಓದಿದರು. "ಸೀಸೆ ಕಲುಷಿತವಾಗಿರಬಹುದು. ಇನ್ನೊಮ್ಮೆ ನೋಡಿ" ಎಂದರು. ಅವಳು ಬೇರೆಬೇರೆ ತಿಂಗಳ ಮೂರು ಪೊಟ್ಟಣ ತಂದು, ಕಾಲೇಜಿನಲ್ಲೇ ಇದ್ದ ಶುದ್ಧ ನೊರೆಥಿಸ್ಟೆರಾನ್ ಪಕ್ಕಕ್ಕಿಟ್ಟು ಓಡಿಸಿದಳು. ನಾಲ್ಕು ಚುಕ್ಕೆಗಳೂ ಒಂದೇ ಎತ್ತರಕ್ಕೆ ಬಂದು ನಿಂತವು. ಒಂದು ಚಮಚ ಪುಡಿಯಲ್ಲಿ ಹೆಚ್ಚುಕಡಿಮೆ ಒಂದು ಮಾತ್ರೆಯಷ್ಟು.

ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅವಳು ಲೆಕ್ಕ ಹಾಕಿದಳು. ಐದನೇ ದಿನದಿಂದ ಇಪ್ಪತ್ತೈದನೇ ದಿನ. ಮಾತ್ರೆ ಬರೆದುಕೊಡುವ ಡಾಕ್ಟರುಗಳು ಹೇಳುವ ಕ್ರಮ ಅದೇ. ಪಾಠ ಮಾಡುವ ತನಗೆ ಅದು ಹೊಳೆಯದೆ ಹೋಯಿತಲ್ಲ. ಎರಡೂವರೆ ವರ್ಷ ಆ ಪುಡಿ ಅವಳ ಅಂಡಾಶಯವನ್ನು ಮಲಗಿಸಿತ್ತು. ಎರಡೂವರೆ ವರ್ಷ ಅವಳು ಮಗುವಿಗಾಗಿ ಚುಚ್ಚುಮದ್ದು, ಸ್ಕ್ಯಾನು, ಉಪವಾಸ ಎಲ್ಲ ಮಾಡಿದ್ದಳು. ಹೋದ ಶ್ರಾವಣದಲ್ಲಿ ಅತ್ತೆಯ ಹರಕೆಯಂತೆ ಮುತ್ತತ್ತಿಯಲ್ಲಿ ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ ಆಂಜನೇಯನಿಗೆ ನೂರೆಂಟು ಸುತ್ತು ಬಂದಿದ್ದಳು. ಮೂರು ದಿನ ಜ್ವರ ಬಂದಿತ್ತು.

"ಮನೆಗೆ ಹೋಗಿ" ಎಂದರು ಸರ್. ಅವಳು ಹಲಗೂರಿನ ಕಡೆಗೆ ಹೋದಳು.

ಅಂಕಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. "ಬಾ ಮಗ. ಯಾಕೆ ಮೊಕ ಇಂಗೆ ಬಾಡೋಗದೆ? ನೋವು ಬಂತಾ?"

"ನಿನ್ ಪುಡೀಲಿ ಮಾತ್ರೆ ಇದೆ."

ಅಂಕಮ್ಮನ ಕೈ ನಿಲ್ಲಲಿಲ್ಲ. ಎರಡು ಕಾಯಿ ಬಿಡಿಸಿದ ಮೇಲೆ, "ಯಾರು ಯೋಳುದ್ರು?" ಎಂದಳು.

"ಮಿಷನ್ನು ಹೇಳ್ತು. ಎಲ್ಲಿಂದ ಬರುತ್ತೆ ಅದು?"

"ನಮ್ಮಳಿಯ ಸಸಿದರ ಮೆಡಿಕಲ್ಲು ಮಡಗಿಲ್ವಾ. ಅವ್ನು ತಂದ್ಕೊಡ್ತಾನೆ."

ಸುಳ್ಳು ಹೇಳುತ್ತಾಳೆ, ಕೂಗಾಡುತ್ತಾಳೆ ಎಂದು ಸಿದ್ಧವಾಗಿ ಬಂದಿದ್ದ ರಂಜಿತ ಈ ಸಲೀಸಾದ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಯಾಕೆ?"

"ನಮ್ಮತ್ತೆ ಕಲಿಸ್ಕೊಟ್ಟ ಬೇರು ಕೆಲವ್ರಿಗೆ ಇಡೀತಿತ್ತು, ನಿನ್ನಂತೋರ್ಗೆ ಇಡೀತಿರ್ಲಿಲ್ಲ. ನನ್ನ ಮಗ್ಳಿಗೇ ಇಡೀಲಿಲ್ಲ. ಈ ನೆಲದ್ ಮ್ಯಾಲೇ ಉಳ್ಳಾಡೋಳು. ಡಾಕುಟ್ರು ಮಾತ್ರೆ ಕೊಟ್ರು, ನಿಂತೋಯ್ತು. ಅದ್ನೇ ಅರದು ಬೆರಸ್ದೆ. ಮಾತ್ರೆ ಅಂದ್ರೆ ಯಾವ ಅತ್ತೆ ನುಂಗಾಕೆ ಬುಟ್ಟಾಳು? ಬೇರು ಅಂದ್ರೆ ಅವ್ಳೇ ಆಲು ಕಾಯಿಸ್ಕೊಡ್ತಾಳೆ."

"ಎರಡು ವರ್ಷ ನಿನ್ ಹಿಂದೆ ಕಾಡು ಸುತ್ತಿದ್ದೀನಿ. ಏನೂ ಸಿಗ್ತಿಲ್ಲ ಅಂತ ನಿನ್ ಮುಂದೆ ಕೂತು ಅತ್ತಿದ್ದೀನಿ. ಬೇರೆ ಏನು ಹಾಕ್ತೀಯ ಅಂತ ಬಾಯ್ಬಿಟ್ಟು ಕೇಳಿದ್ದೀನಿ. ಅವತ್ತಾದ್ರೂ ಹೇಳಬಾರದಿತ್ತಾ?"

ಅಂಕಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಕಾಲೇಜಿಂದ ಒಬ್ಳು ಬಂದು, ನಿನ್ ಇದ್ಯೆ ಬರ್ಕತೀನಿ, ನಿನ್ನೆಸ್ರು ಪುಸ್ತಕ್ದಲ್ಲಿ ಬತ್ತದೆ ಅಂದ್ಲು. ನಂಗೂ ಆಸೆ ಆಯ್ತು ಕಣವ್ವ. ಆಮ್ಯಾಕೆ ಎಂಗ್ ಯೋಳ್ಲಿ?"

"ನಂಗೆ ಮಗು ಬೇಕು ಅಂತ ಗೊತ್ತಿತ್ತಲ್ಲ ನಿಂಗೆ. ಎಣ್ಣೆ ನೀರು ಹಾಕ್ತೀನಿ ಅಂತಿದ್ದೆ. ಇದು ಕುಡಿದ್ರೆ ಮಗು ಆಗಲ್ಲ ಅಂತ ಗೊತ್ತಿದ್ದೂ ಅಂತಿದ್ದೆ."

ಈಗ ಅಂಕಮ್ಮ ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ಕೋಪ ಕಂಡಿತು. "ಅದುನ್ನ ನಾನು ಮುಚ್ಚಿಡ್ಲಿಲ್ಲ. ಮೊದಲ್ನೇ ದಿನಾನೇ ಯೋಳಿದ್ದೀನಿ."

"ಯಾರಿಗೆ ಹೇಳಿದ್ದೀಯ?"

"ಓಗಿ ನಿಮ್ಮವ್ವನ್ನ ಕೇಳು."

ದೇವಿರಮ್ಮನ ಊರು ಕೊಕ್ಕರೆ ಬೆಳ್ಳೂರಿನ ಪಕ್ಕ. ಮದ್ದೂರಿನಲ್ಲಿ ಬಸ್ಸು ಬದಲಿಸಿ ರಂಜಿತ ಹೋಗಿ ಇಳಿಯುವ ಹೊತ್ತಿಗೆ ಡೈರಿಗೆ ಹಾಲು ಹಾಕುವ ಸಮಯ. ಅವ್ವ ಖಾಲಿ ಕ್ಯಾನು ಹಿಡಿದು ಬರುತ್ತಿದ್ದಳು. ಹುಣಸೆಮರಗಳ ಮೇಲೆ ಕೊಕ್ಕರೆಗಳು ಗಲಾಟೆ ಎಬ್ಬಿಸಿದ್ದವು. ಮಗಳನ್ನು ಕಂಡು ಅವ್ವನ ಮುಖ ಅರಳಿತು. "ಏನವ್ವಾ, ಯೋಳ್ದೆ ಕೇಳ್ದೆ ಬಂದ್ಬುಟ್ಟೆ? ಏನಾರಾ ಇಸೇಸನಾ?" ಎಂದು ಕಣ್ಣು ಮಗಳ ಹೊಟ್ಟೆಯ ಕಡೆಗೆ ಹೋಯಿತು.

ಆ ನೋಟ ಕಂಡು ರಂಜಿತಳಿಗೆ ಒಂದು ಕ್ಷಣ ಧೈರ್ಯ ಬಂತು. ಇವಳಿಗೆ ಗೊತ್ತಿಲ್ಲ, ಅಂಕಮ್ಮ ಸುಳ್ಳಾಡಿದಳು ಎಂದುಕೊಂಡಳು.

"ಅಂಕಮ್ಮನ ಪುಡೀಲಿ ಏನಿದೆ ಅವ್ವ?"

ದೇವಿರಮ್ಮ ಕ್ಯಾನನ್ನು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅಷ್ಟರಲ್ಲೇ ರಂಜಿತಳಿಗೆ ಎಲ್ಲ ಗೊತ್ತಾಗಿಹೋಯಿತು.

"ಒಳಿಕ್ ಬಾ" ಎಂದಳು ಅವ್ವ.

"ಇಲ್ಲೇ ಹೇಳು."

"ಮೆಲ್ಲಗೆ ಮಾತಾಡು, ಜನ ಓಡಾಡ್ತಾರೆ." ಆಮೇಲೆ, ಬೇಲಿಯ ಕಡೆ ನೋಡುತ್ತಾ ಹೇಳಿದಳು: "ಇತ್ಲಿಗೆ ಕರದು ಯೋಳುದ್ಲು. ಬೇರಲ್ಲಿ ಇದು ಓಗಾಕಿಲ್ಲ, ಮಾತ್ರೆ ಬೆರಸ್ತೀನಿ, ಕುಡ್ಯೋಗಂಟ ಮಗ ನಿಲ್ಲಾಕಿಲ್ಲ, ನಿನ್ ಮಗಳಿಗೆ ಯೋಳ್ಬೇಕೋ ಬ್ಯಾಡ್ವೋ ನೀನೇ ನೋಡ್ಕೊ ಅಂದ್ಲು. ನಾನು ಒಂದಾರು ತಿಂಗ್ಳು ಅಂದ್ಕಂಡಿದ್ದೆ. ನೋವು ಒಸಿ ಇಳೀಲಿ, ಆಮೇಲೆ ನಿಲ್ಸುದ್ರಾಯ್ತು ಅಂತ."

"ಆರು ತಿಂಗಳಾದ ಮೇಲೆ?"

"ನೀನು ನಗ್ತಿದ್ದೆ ಕಣವ್ವ. ಅಬ್ಬಕ್ಕೆ ಬಂದೋಳು ಅಂಗಳದಲ್ಲಿ ಓಡಾಡ್ಕಂಡು ನಗ್ತಿದ್ದೆ. ಅದ್ನೆಂಗೆ ಕಿತ್ಕಳ್ಲಿ? ಇನ್ನೊಂದು ತಿಂಗ್ಳು ಇನ್ನೊಂದು ತಿಂಗ್ಳು ಅಂತ ಓಯ್ತು."

"ಮುತ್ತತ್ತೀಲಿ ನಾನು ಒದ್ದೆ ಸೀರೇಲಿ ಸುತ್ತಬೇಕಾದ್ರೆ ಒಣ ಸೀರೆ ಹಿಡ್ಕೊಂಡು ನಿಂತಿದ್ಯಲ್ಲ, ಅವತ್ತು ಏನಂದ್ಕೊಂಡೆ?"

"ದ್ಯಾವ್ರು ದೊಡ್ಡೋನು, ಪುಡಿ ಕುಡುದ್ರೂ ಕೊಡ್ತಾನೆ ಅಂದ್ಕಂಡೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಯೋಳಿದ್ರೆ ನೀನು ಕುಡೀತಿರ್ಲಿಲ್ಲ. ಅಂಗೇ ಕೊರಗಿ ಸಾಯ್ತಿದ್ದೆ. ಚಿಕ್ಕೋಳಿದ್ದಾಗ ಅಲ್ಲು ಕಚ್ಕಂಡಿರು ಅಂತ ಯೋಳಿ ಪಾಪ ಕಟ್ಕಂಡಿದ್ನಲ್ಲ, ಅದುನ್ನ ತೀರಸ್ಕಳನಾ ಅಂತ..."

"ಕುಡೀತಿದ್ನೋ ಇಲ್ವೋ, ಅದನ್ನ ನಾನು ಹೇಳ್ಬೇಕಾಗಿತ್ತು ಅವ್ವ."

ರಂಜಿತ ಕೂಗಲಿಲ್ಲ. ಅತ್ತಿದ್ದರೆ ಅವ್ವ ತಬ್ಬಿಕೊಳ್ಳುತ್ತಿದ್ದಳು, ಅದು ಬೇಕಿರಲಿಲ್ಲ. ಹದಿಮೂರನೇ ವಯಸ್ಸಿನಲ್ಲಿ ತನ್ನ ನೋವನ್ನು ನಂಬದ ಅವ್ವನನ್ನು ಅವಳು ಎಂದೋ ಕ್ಷಮಿಸಿದ್ದಳು, ಆಗ ಅವ್ವನಿಗೆ ಗೊತ್ತಿರಲಿಲ್ಲ ಎಂದು. ಈಗ ಗೊತ್ತಿದ್ದೂ ಮಾಡಿದ್ದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ನೀರೂ ಕುಡಿಯದೆ ಅದೇ ಬಸ್ಸಿಗೆ ವಾಪಸು ಹತ್ತಿದಳು.

ಮರುದಿನ ಬೆಳಗಿನ ಪಾಳಿ ಮುಗಿಸಿ ಬಂದ ಜಯಪ್ರಕಾಶನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಅವನು ಬೂಟಿನ ಲೇಸು ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದ. "ನನ್ನ ಮೂರು ಸಲ ಟೆಸ್ಟಿಗೆ ಕಳಿಸುದ್ರಲ್ಲಾ" ಎಂದ. ಆಮೇಲೆ, "ಈಗ ನಿಲ್ಸಿದ್ಯಾ ತಾನೆ?" ಎಂದ. ನಿಲ್ಲಿಸಿದರೆ ನಿನಗೆ ಏನಾಗುತ್ತದೆ ಎಂದು ಅವನು ಕೇಳಲಿಲ್ಲ. ರಂಜಿತ ಕಾದಳು. ಅವನು ಇನ್ನೊಂದು ಬೂಟು ಬಿಚ್ಚಿದ.

ಚಲುವಮ್ಮ ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ನಿಮ್ಮವ್ವ ನಮ್ಮ ವಂಸಾನೇ ನಿಲ್ಲಿಸ್ಬುಟ್ಲಲ್ಲಾ!" ಎಂದು ಎದೆಗೆ ಕೈ ಹೊಡೆದುಕೊಂಡಳು.

"ಆ ಮಾತ್ರೆ ನೀರೊಲೆಗೆ ಎಸೆದೋಳು ನೀನಲ್ವಾ ಅತ್ತೆ? ಅವತ್ತು ಬಿಟ್ಟಿದ್ರೆ ಡಾಕ್ಟ್ರನ್ನ ಕೇಳ್ಕೊಂಡು ತಗೋತಿದ್ದೆ, ಡಾಕ್ಟ್ರನ್ನ ಕೇಳ್ಕೊಂಡು ನಿಲ್ಲಿಸ್ತಿದ್ದೆ" ಎಂದಳು ರಂಜಿತ. ಮದುವೆಯಾದ ಮೇಲೆ ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಚಲುವಮ್ಮ ಒಳಗೆ ಹೋದಳು. ಪುಡಿಯ ಡಬ್ಬ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಇತ್ತು. ರಂಜಿತ ಅದನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡು, ಲ್ಯಾಬಿಗೆ ಕೊಂಡೊಯ್ದು, ತಾರೀಖು ಬರೆದು ಬೀರುವಿನಲ್ಲಿಟ್ಟಳು.

ಶುಕ್ರವಾರ ಅವಳು ಅಂಕಮ್ಮನ ಅಂಗಳಕ್ಕೆ ಹೋದಳು. ಹದಿನೈದಿಪ್ಪತ್ತು ಹೆಂಗಸರು ಕೂತಿದ್ದರು. ರಂಜಿತ ಬೇವಿನ ಮರದ ಕೆಳಗೆ ನಿಂತು, ಪುಡಿಯಲ್ಲಿರುವುದು ಇಂಥ ಮಾತ್ರೆ, ಕುಡಿಯುತ್ತಿರುವಷ್ಟು ದಿನ ಮಗು ನಿಲ್ಲುವುದಿಲ್ಲ, ಲಿವರಿನ ತೊಂದರೆ ಇದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ತೆಗೆದುಕೊಳ್ಳಲೇಬಾರದು ಎಂದು ಹೇಳಿದಳು.

"ನಿಂಗೇನು ಒಟ್ಟೆಕಿಚ್ಚಾ?" ಎಂದಳು ಒಬ್ಬ ದಪ್ಪನೆಯ ಹೆಂಗಸು. "ನಂಗೆ ನೋವು ಓಗದೆ. ಅದ್ರಲ್ಲಿ ಮಾತ್ರೆನಾರಾ ಇರ್ಲಿ ಮಣ್ಣಾರಾ ಇರ್ಲಿ."

"ನಿನ್ನೂ ಇವ್ಳೇ ವಾಸಿ ಮಾಡುದ್ಲಂತಲ್ಲ. ಉಂಡ ಮನೇಗೆ ಇಂಗ್ ಮಾಡ್ತೀಯಾ?" ಎಂದಳು ಮತ್ತೊಬ್ಬಳು.

ಅಂಕಮ್ಮ ಬಾಗಿಲಿಂದ ಹೊರಗೆ ಬರಲಿಲ್ಲ. ಒಳಗಿನಿಂದ ಕುಟ್ಟಾಣಿಯ ಸದ್ದು ಬರುತ್ತಿತ್ತು. ರಂಜಿತ ಮಾತಾಡುವಷ್ಟು ಹೊತ್ತೂ ಅದು ನಿಲ್ಲಲಿಲ್ಲ. ಅವಳು ರಸ್ತೆಗೆ ಬಂದಾಗ ಒಬ್ಬ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರರವಳು, ಹಿಂದೆ ಓಡಿಬಂದಳು. "ಅಕ್ಕಾ, ಆ ಮಾತ್ರೆ ಎಸ್ರು ಬರ್ಕೊಡಿ" ಎಂದಳು. ರಂಜಿತ ಬರೆದುಕೊಟ್ಟು, ಡಾಕ್ಟರಿಗೆ ತೋರಿಸಿಯೇ ತಗೊಳ್ಳಬೇಕು ಎಂದಳು. ಹುಡುಗಿ ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು. "ಮದ್ವೆಯಾಗಿ ಆರ್ ತಿಂಗ್ಳಾಯ್ತು. ನಂಗೆ ಇನ್ನೊಂದೆರಡು ವರ್ಸ ಮಗ ಬ್ಯಾಡ ಅಕ್ಕ. ಯಾರ್ನೂ ಕೇಳೋಂಗಿರ್ಲಿಲ್ಲ." ಹೆಸರು ಹೇಳದೆಯೇ ಹೊರಟುಹೋದಳು.

ತಿರುನಾರಾಯಣ ಸರ್ ಸಮ್ಮೇಳನದ ಸಾರಾಂಶವನ್ನು ಹಿಂತೆಗೆದುಕೊಂಡರು. ಔಷಧ ಇಲಾಖೆಗೆ ಪತ್ರ ಬರೆದದ್ದು ರಂಜಿತಳೇ. ಅಂಕಮ್ಮನ ಅಳಿಯ ಶಶಿಧರನ ಮೆಡಿಕಲ್ ಅಂಗಡಿ ಹದಿನೈದು ದಿನ ಮುಚ್ಚಿತ್ತು, ಆಮೇಲೆ ತೆರೆಯಿತು. ಅಂಕಮ್ಮನ ಅಂಗಳ ಎರಡು ತಿಂಗಳು ಖಾಲಿಯಿತ್ತು; ಈಗ ಮತ್ತೆ ಹೆಂಗಸರು ಬರುತ್ತಿದ್ದಾರೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಏನು ಬೆರೆಸುತ್ತಾಳೋ ಗೊತ್ತಿಲ್ಲ. ಪ್ರಬಂಧದಲ್ಲಿ ಆರು ಗಿಡಗಳ ಮುಂದೆ "ಪರಿಣಾಮವಿಲ್ಲ" ಎಂದು ಬರೆಯಬೇಕಾಯಿತು. "ಅದೂ ಬರೆಯಬೇಕಾದದ್ದೇ. ಮರದರಿಶಿನವನ್ನ ಮೊದಲಿಂದ ನೋಡೋಣ, ಈ ಸಲ ನಾವೇ ಬೆಳೆಸಿದ ಬಳ್ಳಿ" ಎಂದರು ಸರ್. ಕಾಲೇಜಿನ ಹಿಂದೆ ಎರಡು ಸಾಲು ನೆಟ್ಟರು.

ಪುಡಿ ನಿಲ್ಲಿಸಿದ ಎರಡನೇ ತಿಂಗಳು ನೋವು ಹಳೆಯ ದಾರಿ ಹುಡುಕಿಕೊಂಡು ಬಂತು. ಮೈಸೂರಿನ ಡಾಕ್ಟರು ಆರು ತಿಂಗಳು ಮಗುವಿಗೆ ಪ್ರಯತ್ನಿಸಿ, ಆಮೇಲೆ ಬನ್ನಿ ಎಂದಿದ್ದರು. ಆರು ತಿಂಗಳು ಎಂದರೆ ಆರು ಮುಟ್ಟು. ಎರಡನೆಯದರ ಮೊದಲ ದಿನ ರಂಜಿತ ನಡುಮನೆಯ ನೆಲದ ಮೇಲೆ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು. ಜಯಪ್ರಕಾಶ ಪಾಳಿಗೆ ಹೋಗಿದ್ದ. ಅವ್ವನ ಊರಿಂದ ವಾಪಸಾದ ದಿನದಿಂದ ರಂಜಿತ ಅವಳ ಫೋನು ಎತ್ತಿರಲಿಲ್ಲ. ಹೆದರಿ ದೇವಿರಮ್ಮನಿಗೆ ಹೇಳಿಕಳಿಸಿದ್ದು ಚಲುವಮ್ಮನೇ.

ಮಧ್ಯಾಹ್ನದ ಬಸ್ಸಿಗೆ ಅವ್ವ ಬಂದಳು. ಬೀಗತಿಯ ಮುಖ ನೋಡದೆ ನೇರ ಅಡುಗೆಮನೆಗೆ ಹೋಗಿ, ನೀರು ಕಾಯಿಸಿ, ಲೋಟ ಹಿಡಿದು ಬಂದು ಮಗಳ ಪಕ್ಕ ಕೂತಳು.

"ಒಂದ್ ಗುಟುಕು ಕುಡಿ ಮಗ."

ರಂಜಿತ ಕಣ್ಣು ತೆರೆದಳು. ಲೋಟದಿಂದ ಆವಿ ಏಳುತ್ತಿತ್ತು. ಜೀರಿಗೆಯ ವಾಸನೆ, ಚಿಕ್ಕಂದಿನಿಂದ ಗೊತ್ತಿದ್ದ ವಾಸನೆ.

"ಇದರಲ್ಲಿ ಏನಿದೆ ಅವ್ವ?"

"ಜೀರ್ಗೆ ಕಣವ್ವ. ಜೀರ್ಗೆ, ಬೆಲ್ಲ. ಇನ್ನೇನಿಲ್ಲ." ಮಗಳು ನೋಡುತ್ತಲೇ ಇದ್ದಳು. ಅವ್ವ ಲೋಟವನ್ನು ತಾನೇ ಬಾಯಿಗೆ ಹಚ್ಚಿ ಎರಡು ಗುಟುಕು ಕುಡಿದು ತೋರಿಸಿ, ಮತ್ತೆ ಮುಂದೆ ಹಿಡಿದಳು.

"ಅಲ್ಲಿಡು" ಎಂದಳು ರಂಜಿತ.

ಅವ್ವ ಇಟ್ಟಳು. ಸೊಂಟಕ್ಕೆ ಬಿಸಿ ಬಟ್ಟೆ ಒತ್ತಲೇ ಎಂದು ಕೇಳಿದಳು. ಬೇಡ ಎಂದಳು ಮಗಳು. ನಾಲ್ಕೂವರೆಯ ಬಸ್ಸಿದೆ ಎಂದು ಅವ್ವ ಎದ್ದಾಗಲೂ ಇರು ಎನ್ನಲಿಲ್ಲ. ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ, ನೋವು ಒಂದು ಅಲೆ ಇಳಿದಾಗ, ರಂಜಿತ ಗೋಡೆ ಹಿಡಿದು ಎದ್ದಳು. ಅಡುಗೆಮನೆಗೆ ಹೋಗಿ ಬೇರೆ ಪಾತ್ರೆ ತೆಗೆದು, ನಲ್ಲಿಯಿಂದ ನೀರು ಹಿಡಿದು, ತಾನೇ ಒಲೆ ಹಚ್ಚಿದಳು.